ಪೀರ್ ಎತ್ತುವ ಕೈ

ನನ್ನ ಮಾವ ಶಿವಯ್ಯ ಸುಳ್ಳು ಹೇಳಿದ್ದು ನಾನು ಕಂಡಂತೆ ಎರಡೇ ಸಲ. ಎರಡೂ ಮಗನ ಸಲುವಾಗಿ. ಮೊದಲನೆಯದನ್ನು ಮಗ್ಗದ ಮೇಲೆ ಕಣ್ಣಿಟ್ಟು ಹೇಳಿದರು: "ನಾರಾಯಣಪೇಟಕ ಅಕ್ಕನ ಮನಿಗೆ ಹೋಗ್ತೀನಿ, ಹಬ್ಬ ಮುಗಿದ ಮ್ಯಾಲೆ ಬರ್ತೀನಿ." ನಾನು ನಂಬಿದೆ. ನನ್ನ ಗಂಡ ನರೇಂದ್ರನೂ ನಂಬಿದ, ಅಪ್ಪನನ್ನು ಗೆದ್ದೆನೆಂದು ಎದೆಯುಬ್ಬಿಸಿ ಓಡಾಡಿದ.

ಧರೂರಿನ ಹತ್ತಿರದ ನಮ್ಮೂರಿನಲ್ಲಿ ಮೊಹರಮ್ಮಿಗೆ ಪೀರ್, ಅಂದರೆ ಕೋಲಿಗೆ ಕಟ್ಟಿದ ಲೋಹದ ಹಸ್ತ, ಎತ್ತಿ ಮೆರೆಸುವುದು ನಮ್ಮ ಮನೆಯವರು. ಮುತ್ತಜ್ಜನ ಹರಕೆ ಅದು. ಎತ್ತುವವನು ಹಬ್ಬ ಮುಗಿಯುವ ತನಕ ಚಪ್ಪಲಿ ಮೆಟ್ಟಬಾರದು, ರಾತ್ರಿ ಪೀರ್ ಇಟ್ಟಿರುವ ಚಾವಡಿಯಲ್ಲೇ ಮಲಗಬೇಕು. ಚಾವಡಿಯ ಬೀಗದ ಕೈ ಚಾಂದ್ ಪಾಷಾನ ಹತ್ತಿರ, ಪೀರ್ ನಮ್ಮ ಮಾವನ ಹೆಗಲಿಗೆ. ಊರಲ್ಲಿ ಯಾರೂ ಇದನ್ನೊಂದು ದೊಡ್ಡ ಮಾತು ಮಾಡಿದ್ದಿಲ್ಲ.

ಗದ್ವಾಲದ ಕಲ್ಯಾಣ್ ಎಂಬವನ ಗುಂಪು ಸೇರಿದ ಮೇಲೆ ನರೇಂದ್ರನಿಗೆ ಇದೇ ದೊಡ್ಡ ಅವಮಾನವಾಗಿ ಕಂಡಿತು. ಮೂರು ಹೊತ್ತೂ ಫೋನಿನಲ್ಲಿ ಭಾಷಣ. ನಾವು ನೇಯುವ ಗದ್ವಾಲ ಸೀರೆಗೆ ಮೈ ಹತ್ತಿಯದು, ಅಂಚು ರೇಷ್ಮೆಯದು. ಎರಡನ್ನೂ ಕೂಡಿಸಿ ನೇಯಲು ಮಗ್ಗದಲ್ಲಿ ಇಬ್ಬರು ಕೂರಬೇಕು. ಅವನ ಜಾಗದಲ್ಲಿ ನಾನು ಕೂತೆ. ಧರ್ಮ ಉಳಿಸುವ ಗಂಡಸಿಗೆ ಹೊತ್ತಿಗೆ ಸರಿಯಾಗಿ ಅನ್ನ ಹಾಕಿದ್ದು ನಾವೇ, ಮಾವ–ಸೊಸೆ. ಒಂದು ದಿನ "ಈ ಸಲ ಆ ಪೀರ್ ಎತ್ತಿದರ ನಾ ನಿನ್ನ ಮಗ ಅಲ್ಲ" ಎಂದು ಅದೇ ಅನ್ನದ ತಟ್ಟೆಯನ್ನು ಎಸೆದ. ಮಾವ ಚೆಲ್ಲಿದ ಅನ್ನ ಬಳಿದು ತೆಗೆದು, "ಆಯ್ತಪ್ಪ, ಎತ್ತಂಗಿಲ್ಲ" ಎಂದರು. ಮರುದಿನ ಕೈಚೀಲ ಹಿಡಿದು ಬಸ್ಸು ಹತ್ತಿದರು.

ಹಬ್ಬದ ನಡುವೆ ಒಂದು ದಿನ ನಸುಕಿನಲ್ಲಿ ಅಂಗಳಕ್ಕೆ ನೀರು ಹಾಕುತ್ತಿದ್ದೆ. ಪಕ್ಕದ ಮನೆಯ ಬುಚ್ಚಮ್ಮ ಏದುಸಿರು ಬಿಡುತ್ತಾ ಬಂದಳು. "ರಜಿನಿ, ಚಾವಡಿಗೆ ಬೆಂಕಿ ಬಿದ್ದೈತಿ. ನಿಮ್ಮ ಮಾವ ಒಳಗಿದ್ದರು."

"ನಮ್ಮ ಮಾವ ನಾರಾಯಣಪೇಟದಾಗ ಅದಾರ" ಎಂದೆ. ಬಕೆಟ್ಟು ಕೆಳಗಿಟ್ಟು ಇನ್ನೊಮ್ಮೆ ಅದನ್ನೇ ಹೇಳಿದೆ. ಬುಚ್ಚಮ್ಮ ರಟ್ಟೆ ಹಿಡಿದು ಎಳೆದುಕೊಂಡು ಹೋದಳು.

ಮಾವನನ್ನು ಆಟೋದಲ್ಲಿ ಮಲಗಿಸಿದ್ದರು. ಉರಿಯುವ ಬಾಗಿಲನ್ನು ಒದ್ದು ಮುರಿದು ಎಳೆದು ತಂದವನು ಚಾಂದ್ ಪಾಷಾ. ಅವನ ಗಡ್ಡ ಅರ್ಧ ಸುಟ್ಟಿತ್ತು. ಮಾವ ರಾತ್ರಿ ಕತ್ತಲಲ್ಲಿ ಊರಿಗೆ ಮರಳಿ ಚಾವಡಿಯಲ್ಲಿ ಮಲಗಿದ್ದರಂತೆ. ಪೀರನ್ನು ಬಿಟ್ಟು ಬರಲು ಒಪ್ಪದೆ ಅದನ್ನು ಹಿಡಿದೇ ಹೊರಗೆ ಬಂದರಂತೆ. ಎರಡೂ ಕೈ ಮೊಣಕೈವರೆಗೆ ಬೆಂದಿದ್ದವು. ಮಗ್ಗದ ಮೇಲೆ ನಾನು ದಿನಾ ನೋಡಿದ ಕೈಗಳು. ಆಟೋ ಹತ್ತಿ ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ.

ಗದ್ವಾಲದ ದವಾಖಾನೆಗೆ ನರೇಂದ್ರ ಬಂದ. ಮಂಚದ ಮೇಲಿದ್ದ ಅಪ್ಪನನ್ನು ನೋಡಿ ಅಲ್ಲೇ ನೆಲಕ್ಕೆ ಕೂತ.

"ಒಳಗ ಯಾರೂ ಇಲ್ಲ ಅಂದಿದ್ದ ಕಲ್ಯಾಣ್," ಎಂದ. "ನೀ ಊರಾಗಿಲ್ಲ ಅಂತ ನಾನೂ ಅಂದೆ, ಯಪ್ಪಾ."

ಆ ಮಾತು ನನ್ನ ತಲೆಗೆ ಇಳಿಯಲು ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವನ ಅಂಗಿಯಿಂದ ಪೆಟ್ರೋಲ್ ವಾಸನೆ ಬಂತು. ಹಿಂದಿನ ದಿನ ನಾನೇ ಒಗೆದು ಮಡಚಿಟ್ಟ ಅಂಗಿ. ಹೊಡೆಯಲೆಂದು ಎತ್ತಿದ ನನ್ನ ಕೈ ಮೇಲೆಯೇ ನಿಂತುಹೋಯಿತು.

ಕಲ್ಯಾಣ್ ತನ್ನವರೊಂದಿಗೆ ಬಂದ, ಫೋನನ್ನು ಮುಂದೆ ಹಿಡಿದು. ಮೊದಲು ನರೇಂದ್ರನ ಕಿವಿಯಲ್ಲಿ ಹೇಳಿದ, ನನಗೂ ಕೇಳಿಸಿತು: "ಚಾಂದ್ ಪಾಷಾ ಬೀಗ ಹಾಕಿ ಬೆಂಕಿ ಇಟ್ಟ ಅನ್ನು. ಲೈವ್ ಹಾಕ್ತೀನಿ. ಮಧ್ಯಾಹ್ನದೊಳಗ ಗದ್ವಾಲ, ಮಕ್ತಲ್ ಎಲ್ಲಾ ಹತ್ತಿ ಉರಿತಾವು." ಸುಟ್ಟುಕೊಂಡು ಮಲಗಿದವನ ತಲೆದೆಸೆಯಲ್ಲಿ ನಿಂತು ಆಡಿದ ಮಾತಿದು. ಥೂ.

ಅಷ್ಟರಲ್ಲಿ ಎಸ್ಸೈ ಬಂದು ಕೇಳಿದರು, "ಬೀಗದ ಕೈ ಯಾರ ಕಡಿ ಇರ್ತೈತಿ?"

"ನನ್ನ ಕಡೇನೇ ಸಾಬ್," ಎಂದ, ಮಾವನನ್ನು ಕರೆತಂದು ಅಲ್ಲೇ ಉಳಿದಿದ್ದ ಚಾಂದ್ ಪಾಷಾ. "ಆದ್ರ ಬೀಗ ಹಾಕಿದ್ದಿಲ್ಲ, ಒಳಗಿಂದ ಅಗಳಿ ಹಾಕಿತ್ತು."

ಮಾವ ಮಂಚದಿಂದಲೇ ಎರಡನೆಯ ಸುಳ್ಳು ಹೇಳಿದರು. "ನನ್ನ ಕೈ ತಾಗಿ ದೀಪ ಬಿತ್ರಿ."

"ಅಂಜಿಸ್ಯಾರ್ರಿ ಮುದುಕನ್ನ" ಎಂದ ಕಲ್ಯಾಣ್. ಎಸ್ಸೈ ಠಾಣೆಗೆ ನಡಿ ಎಂದು ಚಾಂದ್ ಪಾಷಾನ ಹೆಗಲ ಮೇಲೆ ಕೈಯಿಟ್ಟರು.

ನಾನು ನರೇಂದ್ರನ ಮುಂದೆ ಕುಕ್ಕರಗಾಲಲ್ಲಿ ಕೂತೆ. "ನೀ ಹೇಳ್ತಿಯೋ, ನಾ ಹೇಳಲೋ? ನಾ ಹೇಳಿದರ ಇವರು ನನ್ನನ್ನೇ ಸುಳ್ಳಿ ಅಂತಾರ, ಊರು ಉರಿತೈತಿ. ಇಟ್ಟವನೇ ಹೇಳಿದರ ಇಲ್ಲಿಗೇ ಆರ್ತೈತಿ."

ಅವನು ಅಪ್ಪನ ಕೈಗಳನ್ನೇ ನೋಡುತ್ತಾ ಎದ್ದ. ತನಗೆ ಬೇಕಾದದ್ದೇ ಬರುತ್ತದೆಂದು ಕಲ್ಯಾಣ್ ಲೈವ್ ಹಚ್ಚಿ ಫೋನ್ ಎತ್ತಿ ಹಿಡಿದ.

"ನಾನು ನರೇಂದ್ರ, ಶಿವಯ್ಯನ ಮಗ. ಪೆಟ್ರೋಲ್ ಹಾಕಿದ್ದು ನಾನು. ಕಡ್ಡಿ ಗೀರಿದ್ದು ಈ ಕಲ್ಯಾಣ್. ನಮ್ಮಪ್ಪನ್ನ ಎಳೆದು ಹೊರಗ ತಂದಿದ್ದು ಚಾಂದ್ ಪಾಷಾ."

ಕಲ್ಯಾಣ್ ಫೋನ್ ಆರಿಸುವಷ್ಟರಲ್ಲಿ ಸಾವಿರಾರು ಜನ ನೋಡಿಬಿಟ್ಟಿದ್ದರು. ಅಂದು ಗದ್ವಾಲದಲ್ಲಿ ಒಂದು ಅಂಗಡಿಯೂ ಬಾಗಿಲು ಹಾಕಲಿಲ್ಲ.

ಇಬ್ಬರನ್ನೂ ಪೊಲೀಸರು ಕರೆದೊಯ್ದರು. ಮಾವ ಬಿಕ್ಕಿ ಬಿಕ್ಕಿ ಅತ್ತರು. ಕಣ್ಣೊರೆಸಿಕೊಳ್ಳಲು ಕೈಯಿರಲಿಲ್ಲ, ಚಾಂದ್ ಪಾಷಾ ತನ್ನ ರುಮಾಲಿನಿಂದ ಒರೆಸಿದ.

"ಪಾಷಾ, ನನ್ನ ಕೈಲೆ ಇನ್ನ ಎತ್ತಾಕ ಆಗಂಗಿಲ್ಲ," ಎಂದರು ಮಾವ. "ಬರೋ ಮೊಹರಮ್ಮಿನ ಹೊತ್ತಿಗೆ ಅವನ್ನ ಬಿಡ್ತಾರೇನು?"

"ಬಿಟ್ಟ ದಿನ ಜೈಲಿನ ಬಾಗಿಲಾಗ ನಿಂತಿರ್ತೀನ್ರಿ ಮಾವ," ಎಂದೆ. "ಅಲ್ಲೇ ಚಪ್ಪಲಿ ಬಿಡಿಸಿ, ಚಾವಡಿತನಕ ನಡಿಸ್ಕೊಂಡು ತರ್ತೀನಿ."