ಮಂಚದ ಕೆಳಗಿನ ಮೆಟ್ಟಿಲು

ನನ್ನ ಮಗ ಬಡಗಿ. ಕಂಡವರ ಮನೆಗೆಲ್ಲ ಕಪಾಟು, ಮಂಚ ಮಾಡಿಕೊಡುತ್ತಾನೆ. ನಮ್ಮ ಕಿಟಕಿಗೆ ಮಾತ್ರ ಇವತ್ತಿಗೂ ಚಿಲಕವಿಲ್ಲ, ದಾರ ಕಟ್ಟಿಕೊಂಡಿದ್ದೇವೆ. ಅಂಥವನು, ನಾನು ಬಚ್ಚಲಲ್ಲಿ ಜಾರಿ ತೊಡೆಮೂಳೆ ಮುರಿದುಕೊಂಡು, ಆಪರೇಷನ್ ಮುಗಿಸಿ ಮನೆಗೆ ಬಂದ ವಾರವೇ ನನಗೋಸ್ಕರ ಗರಗಸ ಹಿಡಿದು ಕೂತ. ಆಶ್ಚರ್ಯವಾಯಿತು. ಸಂತೋಷವೂ ಆಯಿತು, ಸುಳ್ಳೇಕೆ ಹೇಳಲಿ.

ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹೆಂಗಸು ಕಾಲಿಗೆ ಬಲ ಬರಲು ಏನೇನೋ ಸಾಮಾನು ತೋರಿಸಿದ್ದಳು. ಅವನ್ನು ನಮ್ಮ ಕೋಣೆಯೊಳಗೆ ಇಟ್ಟರೆ ನಾವು ತಾಯಿ ಮಗ ಹೊರಗೆ ನಿಲ್ಲಬೇಕು. ಮಂಚದಿಂದ ಕಾಲು ಇಳಿಸಿದರೆ ಒಲೆ, ಒಲೆಯಿಂದ ತಿರುಗಿದರೆ ಬಾಗಿಲು, ಅಷ್ಟೇ ನಮ್ಮ ಅರಮನೆ. ಹಾಗಾಗಿ ಮಗ ಕೆಲಸದಲ್ಲಿ ಉಳಿದ ಚೂರುಪಾರನ್ನೇ ತಂದ. ನೀರಿನ ಪೈಪಿನ ತುಂಡನ್ನು ಗೋಡೆಗೆ ಬಿಗಿದು ಹಿಡಿಕೆ ಮಾಡಿದ. ಸೈಕಲ್ಲಿನ ಹಳೇ ಟ್ಯೂಬು ಸೀಳಿ ಮಂಚದ ಕಾಲಿಗೆ ಕಟ್ಟಿದ. ಅದಕ್ಕೆ ಪಾದ ಸಿಕ್ಕಿಸಿ ಎಳೆಯಬೇಕು. ಹರಿದ ಪ್ಯಾಂಟಿನ ಕಾಲು ಕತ್ತರಿಸಿ ನಾನೇ ಚೀಲ ಹೊಲಿದೆ. ಅವನು ಅದಕ್ಕೆ ಮರಳು ತುಂಬಿ, ಎತ್ತಿ ಇಳಿಸಲೆಂದು ನನ್ನ ಕಣಕಾಲಿಗೆ ಕಟ್ಟಿದ. ಕೊನೆಗೆ ಪ್ಲೈವುಡ್ಡಿನ ಒಂದು ಪೆಟ್ಟಿಗೆ, ಹತ್ತಿ ಇಳಿಯುವುದಕ್ಕೆ. ಕೆಲಸ ಮುಗಿದ ಮೇಲೆ ಅದನ್ನು ಮಂಚದ ಕೆಳಗೆ ನೂಕಿದರಾಯಿತು.

ನಾನು ಹೊಲಿಗೆಯವಳು. ಜೀವಮಾನವೆಲ್ಲ ಬೇರೆಯವರ ಮೈಯಳತೆ ತೆಗೆದುಕೊಂಡವಳು. ನನ್ನ ಅಳತೆಗೆಂದು ಒಬ್ಬರು ಕೂತು ಏನಾದರೂ ಮಾಡಿದ್ದು ಅದೇ ಮೊದಲು. ಉಬ್ಬಿಹೋದೆ.

ನನಗೂ ಒಂದು ಹಟವಿತ್ತು. ಬೀದಿಯ ತಿರುವಿನ ಟೇಲರ್ ಅಂಗಡಿಯಲ್ಲಿ ಕಿಟಕಿ ಪಕ್ಕದ ಮಷಿನ್ ನನ್ನದು. ನಾನು ಬರುವವರೆಗೂ ಬೇರೆ ಯಾರನ್ನೂ ಅಲ್ಲಿ ಕೂರಿಸುವುದಿಲ್ಲವೆಂದು ಟೇಲರಣ್ಣ ಹೇಳಿ ಕಳಿಸಿದ್ದ. ನಮ್ಮ ಮಹಡಿ ಇಳಿಯುವಷ್ಟು ಬಲ ಬಂದರೆ ಸಾಕು, ಮತ್ತೆ ನನ್ನ ಜಾಗದಲ್ಲಿ ಕೂರಬಹುದು. ಆ ಒಂದು ಆಸೆಗೆ ನೋವು ನುಂಗಿಕೊಂಡು ಟ್ಯೂಬು ಎಳೆದೆ, ಮರಳು ಎತ್ತಿದೆ, ಪೆಟ್ಟಿಗೆ ಹತ್ತಿದೆ. ಮಗಳು ಫೋನಿನಲ್ಲಿ, "ಅಮ್ಮ, ಅದೆಲ್ಲ ಯಾಕೆ ಈ ವಯಸ್ಸಲ್ಲಿ? ಸುಮ್ನೆ ರೆಸ್ಟ್ ತಗೋ," ಎನ್ನುತ್ತಿದ್ದಳು. ಹೆಣ್ಣುಮಕ್ಕಳ ಕರುಳೇ ಬೇರೆ ಎಂದುಕೊಂಡೆ. ಪೆದ್ದಿ ನಾನು.

ಕಾಲು ಗಟ್ಟಿಯಾದಂತೆಲ್ಲ ಮಗ ಪೆಟ್ಟಿಗೆಯ ಮೇಲೆ ಹಲಗೆ ಜಡಿದು ಎತ್ತರ ಮಾಡುತ್ತ ಬಂದ. ಅದು ಮಂಚದ ಪಟ್ಟಿಗೆ ಉಜ್ಜಿಕೊಂಡು ಒಳಗೆ ಹೋಗುವಷ್ಟಾಯಿತು. ಅಳತೆಯ ವಿಷಯದಲ್ಲಿ ನನ್ನ ಕಣ್ಣಿಗೆ ಮಣ್ಣೆರಚುವುದು ಕಷ್ಟ.

"ಯಾಕೋ ಇಷ್ಟು ಎತ್ತರ? ನಮ್ಮ ಮೆಟ್ಟಿಲು ಇಷ್ಟಿಲ್ವಲ್ಲ," ಎಂದೆ.

ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆ ತೆಗೆದು ಹೇಳಿದ: "ನಮ್ದಲ್ಲಮ್ಮ, ಅಕ್ಕನ ಮನೇದು. ಅಲ್ಲಿ ಲಿಫ್ಟ್ ಇಲ್ಲ, ಮೆಟ್ಟಿಲು ಬೇರೆ ಎತ್ತರ. ಹೋಗಿ ಟೇಪ್ ಹಿಡಿದು ಅಳತೆ ತಗೊಂಡು ಬಂದೆ."

"ನಾನ್ಯಾಕೆ ಅಲ್ಲಿ ಹತ್ತಬೇಕು?"

"ನನ್ನ ಮದ್ವೆ ಆದ್ಮೇಲೆ ಈ ಕೋಣೇಲಿ ಮೂರು ಜನ ಹೇಗಮ್ಮ ಇರೋದು? ಅಕ್ಕನ್ನ ಕೇಳ್ದೆ. ಕರ್ಕೊಂಡ್ ಹೋಗ್ತಿದ್ದೆ, ಆದ್ರೆ ಅಮ್ಮನಿಗೆ ಮೆಟ್ಟಿಲು ಹತ್ತೋಕಾಗಲ್ವಲ್ಲ ಅಂದ್ಲು. ಅದೊಂದೇ ತಾನೆ, ನಾನು ಹತ್ತಿಸ್ತೀನಿ ಬಿಡು ಅಂದೆ."

"ಮತ್ತೆ ನನ್ನ ಅಂಗಡಿ?"

"ಅಕ್ಕನ ಮನೆ ಎಲ್ಲಿ, ಅಂಗಡಿ ಎಲ್ಲಿ. ದುಡಿದಿದ್ದು ಸಾಕಮ್ಮ, ಹಾಯಾಗಿರು."

ಅವನ ದನಿಯಲ್ಲಿ ಕಳ್ಳತನವಿರಲಿಲ್ಲ. ಒಂದು ಬೀರುವನ್ನು ಈ ಕೋಣೆಯಿಂದ ಆ ಕೋಣೆಗೆ ಸಾಗಿಸುವ ಮೊದಲು ಬಾಗಿಲಿನ ಅಳತೆ ತೆಗೆದವನ ಹಾಗೆ ಮಾತಾಡಿದ. ನನ್ನ ಕಾಲಿನ ಅಳತೆಯೆಂದು ನಾನು ಮೆರೆದದ್ದು ಮಗಳ ಮನೆಯ ಮೆಟ್ಟಿಲಿನ ಅಳತೆ. ಮಗಳು ರೆಸ್ಟ್ ತಗೋ ಎನ್ನುತ್ತಿದ್ದುದೂ ಯಾತಕ್ಕೆಂದು ಆಗ ತಿಳಿಯಿತು.

ಭಾನುವಾರ ಮಗಳು ಬಂದಳು. ಮಗ ಪೆಟ್ಟಿಗೆ ಎಳೆದು ಕೋಣೆಯ ನಡುವೆ ಇಟ್ಟು, "ಅಕ್ಕ ನೋಡ್ಲಿ, ಹತ್ತಮ್ಮ," ಎಂದ. ನಾನು ಪೈಪು ಹಿಡಿದು ನಿಂತೆ. ಇಬ್ಬರೂ ನನ್ನ ಕಾಲನ್ನೇ ನೋಡುತ್ತಿದ್ದರು, ಮುಖವನ್ನಲ್ಲ. ಮಗನ ತುಟಿಯಲ್ಲಿ ಆಗಲೇ ಗೆದ್ದವನ ನಗು. ಮಗಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಚಿಕ್ಕವಳಿದ್ದಾಗ ಏಟು ಬೀಳುತ್ತದೆಂದು ಗೊತ್ತಾದರೆ ಹಾಗೆ ಮಾಡುತ್ತಿದ್ದಳು. ನಾನು ಹತ್ತುವುದೆಂದರೆ ಅವಳಿಗೆ ಏಟು.

ಪಾದ ಇಟ್ಟೆ. ಕಾಲು ಕಂಬದ ಹಾಗೆ ನಿಂತಿತು, ಮೈ ಹಗುರಾಗಿ ಮೇಲೆದ್ದಿತು. ಅಷ್ಟರಲ್ಲಿ ಮನಸ್ಸು ಕೆಟ್ಟಿತು. ಹೆದರಿಕೊಂಡು ಬಾಗಿಲು ತೆಗೆಯುವ ಮನೆಗೆ ಹೋಗಲಾರೆ. ಬೇಕೆಂದೇ ಮಂಡಿ ಸಡಿಲಿಸಿ, ಪೈಪಿಗೆ ಜೋತುಬಿದ್ದು ಕುಸಿದು ಕೂತೆ.

"ನಾನು ಬಡ್ಕೊಂಡೆ, ಕೇಳಿದ್ಯಾ?" ಎಂದು ತಮ್ಮನ ಮೇಲೆ ಹರಿಹಾಯುತ್ತ ಮಗಳು ನನ್ನನ್ನು ತಬ್ಬಿಕೊಂಡಳು. ಕಾಲು ನೀವಿದಳು, ತಲೆ ಸವರಿದಳು, ತಾನೇ ಅನ್ನ ಕಲಸಿ ತಿನ್ನಿಸಿದಳು. ಬಚ್ಚಲಲ್ಲಿ ಬಿದ್ದಾಗಿನಿಂದ ಅವಳು ನನ್ನನ್ನು ಹಾಗೆ ಮುಟ್ಟಿರಲಿಲ್ಲ. ಹೋಗುವಾಗ ಹಾಡು ಗುನುಗುತ್ತ ಮೆಟ್ಟಿಲಿಳಿದದ್ದು ನನಗೆ ಕೇಳಿಸಿತು. ಮಗ ಪೆಟ್ಟಿಗೆಯನ್ನು ಕಾಲಲ್ಲೇ ಮಂಚದ ಕೆಳಗೆ ನೂಕಿದ.

ಮರುದಿನ ಅವನು ಕೆಲಸಕ್ಕೆ ಹೊರಡುವ ಹೊತ್ತಿಗೆ ಟೇಲರಣ್ಣ ಬಂದು ಬಾಗಿಲಲ್ಲೇ ನಿಂತ. ಒಳಗೆ ಮಂಚದ ಮೇಲಿದ್ದ ನನಗೆ ಎಲ್ಲ ಕೇಳಿಸುತ್ತಿತ್ತು.

"ನಿಮ್ಮಮ್ಮ ಈ ವಾರ ಅಂಗಡಿಗೆ ಬರ್ತಾರಾ? ಕೆಲಸ ರಾಶಿ ಬಿದ್ದಿದೆ. ಇಲ್ಲ ಅಂದ್ರೆ ಬೇರೆಯವರನ್ನ ಕೂರಿಸಬೇಕಾಗುತ್ತೆ, ಅದಕ್ಕೆ ಕೇಳಿ ಹೋಗೋಣ ಅಂತ ಬಂದೆ."

"ಎಲ್ಲಿ ಬರ್ತಾರಣ್ಣ," ಎಂದ ಮಗ. "ನಿನ್ನೆ ಒಂದು ಮೆಟ್ಟಿಲು ಹತ್ತೋಕೇ ಆಗ್ಲಿಲ್ಲ. ನೀವು ಬೇರೆಯವರನ್ನ ನೋಡ್ಕೊಳ್ಳಿ."

ಟೇಲರಣ್ಣ ಇನ್ನೂ ಬಾಗಿಲಲ್ಲೇ ಇದ್ದ. ಬಾಗಿಲು ದೂರವಿರಲಿಲ್ಲ, ನನ್ನ ಕಾಲಿಗೂ ಏನೂ ಆಗಿರಲಿಲ್ಲ. ಎದ್ದು ನಿಂತರೆ ಅದು ಮಗನಿಗೂ ಕಾಣುತ್ತಿತ್ತು. ನಾನು ಗೋಡೆಯ ಕಡೆ ತಿರುಗಿ ಮಲಗಿದ್ದೆ.