ಗಾಳಿಯಲ್ಲಿ ಹಚ್ಚಿದ ಕಿಡಿ

ವ್ಯಾನಿನ ಬಾಗಿಲು ಮುಚ್ಚುತ್ತಿದ್ದ ಡ್ರೈವರನ ಕೈಯನ್ನು ದರ್ಜಿ ಹಿಡಿದುಕೊಂಡ. ಒಳಗೆ ಹೆಂಡತಿಯ ದೇಹವಿತ್ತು.

"ಮೊದಲು ಅವಳ ಲ್ಯಾಬಿಗೆ ಹೋಗೋಣ."

"ಭಾವ, ಈಗಲಾ? ಅಲ್ಲಿ ಸ್ಮಶಾನದಲ್ಲಿ ಜನ ಕಾಯ್ತಿದಾರೆ," ಎಂದ ಅವಳ ತಮ್ಮ.

"ಕಾಯಲಿ ಬಿಡಪ್ಪ. ಅವಳು ನನಗೋಸ್ಕರ ಕಾದಷ್ಟೇನಲ್ಲ. ಒಂದು ಆಯುಷ್ಯ ಸವೆಸಿ ಏನು ಮಾಡಿದ್ಲು ಅಂತ ಒಂದ್ಸಲ ನೋಡ್ಬೇಕು. ನೋಡದೆ ಮಣ್ಣು ಹಾಕೋದು ನನ್ನ ಕೈಲಾಗಲ್ಲ."

ಪಕ್ಕದಲ್ಲಿ ನಿಂತಿದ್ದ ಅವಳ ಲ್ಯಾಬಿನ ಶಿಷ್ಯೆ ಮೂಗೊರೆಸಿಕೊಂಡಳು. "ಲೇಸರ್ ಆನ್ ಇದೆ ಅಂಕಲ್. ಮೇಡಂ ಆರಿಸೋಕೆ ಬಿಡ್ತಾನೇ ಇರಲಿಲ್ಲ."

*

ಮದುವೆಯ ಹೊಸತರಲ್ಲಿ, ಊಟದ ನಡುವೆ ಅವಳು ವಿವರಿಸಿದ್ದಳು. ರೆಪ್ಪೆ ಬಡಿಯುವುದೇ ಒಂದು ಯುಗವೆನಿಸುವಷ್ಟು ಗಿಡ್ಡನೆಯ ಲೇಸರ್ ಬೆಳಕಿನ ಮಿಡಿತ. ಜೊತೆಗೆ ಅದರಿಂದಲೇ ಹುಟ್ಟಿಸಿದ ಇನ್ನೊಂದು ಬಣ್ಣದ ಬೆಳಕು. ಎರಡನ್ನೂ ಗಾಳಿಯ ಒಂದೇ ಚುಕ್ಕೆಗೆ ಗುರಿಯಿಟ್ಟರೆ ಅಲ್ಲಿನ ಅಣುಗಳಿಂದ ಎಲೆಕ್ಟ್ರಾನುಗಳು ಕಿತ್ತುಬಂದು, ಎಲ್ಲ ಒಂದೇ ಕಡೆಗೆ ವಾಲಿ ಓಡುತ್ತವೆ. ಆ ಹಠಾತ್ ಓಟದಿಂದ ಟೆರಾಹರ್ಟ್ಸ್ ಎಂಬ, ರೇಡಿಯೋಗೂ ಬೆಳಕಿಗೂ ನಡುವಿನ ಅಲೆ ಹೊಮ್ಮುತ್ತದೆ.

"ಕಣ್ಣಿಗೆ ಕಾಣುತ್ತಾ?"

"ಆ ಚುಕ್ಕೇಲಿ ಹೊತ್ತೋ ಕಿಡಿ ಕಾಣುತ್ತೆ, ಅಲೆ ಕಾಣಲ್ಲ. ನೀವು ಹೊಲಿಯೋ ಬಟ್ಟೆನೆಲ್ಲ ದಾಟಿ ಹೋಗುತ್ತೆ."

"ಸರಿಹೋಯ್ತು. ನಾನು ಹೊಲಿದು ಮುಚ್ಚೋದು, ನೀನು ತೂರಿಸೋದು."

ಅವಳು ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡಿದ್ದಳು. ಆಮೇಲೆ "ಬನ್ನಿ, ತೋರಿಸ್ತೀನಿ" ಎಂದು ಕರೆದಾಗಲೆಲ್ಲ ಇವನಿಗೆ ಯಾರದೋ ಬಟ್ಟೆಯ ಅವಸರ. ಕೊನೆಗೆ ಅವಳು ಕರೆಯುವುದನ್ನೇ ಬಿಟ್ಟಳು.

*

ಕತ್ತಲ ಕೋಣೆ. ಮೇಜಿನ ಮೇಲೆ, ಏನೂ ಇಲ್ಲದ ಗಾಳಿಯಲ್ಲಿ, ಅಕ್ಕಿಕಾಳಿನಷ್ಟು ಉದ್ದದ ಬೆಳ್ಳನೆಯ ಕಿಡಿ. ಎಣ್ಣೆಯಿಲ್ಲ, ಬತ್ತಿಯಿಲ್ಲ, ತಂತಿಯಿಲ್ಲ. ಸಣ್ಣಗೆ ಗುಂಯ್‌ಗುಡುತ್ತಿತ್ತು.

"ಅಬ್ಬಾ," ಎಂದ ದರ್ಜಿ, ಮೆಲ್ಲಗೆ. ಮೇಜಿನತ್ತ ಬಾಗಿದ.

ಕಿಡಿಯ ಮುಂದಿನ ಕರಿ ಫಲಕ ಬೆಳಕನ್ನೆಲ್ಲ ತಡೆದು ಅಲೆಯನ್ನಷ್ಟೇ ಬಿಡುತ್ತಿತ್ತು. ಅದು ಎದುರಿನ ಯಂತ್ರವನ್ನು ಬಂದು ಮುಟ್ಟಿದ್ದಕ್ಕೆ ಕಂಪ್ಯೂಟರ್ ಪರದೆಯ ಮೇಲೊಂದು ಗೆರೆ ಎತ್ತರಕ್ಕೆ ನಿಂತಿತ್ತು.

ದರ್ಜಿ ಜೇಬಿನಿಂದ ಕರ್ಚೀಫು ತೆಗೆದು ಫಲಕದ ಮುಂದೆ ಹಿಡಿದ. ಗೆರೆ ನೆಲಕಚ್ಚಿತು.

"ಕೆಟ್ಟೋಯ್ತಾ? ನಾನು ಕೈ ಹಾಕಿದ್ದಕ್ಕಾ?"

"ಇಲ್ಲ ಅಂಕಲ್. ಬಟ್ಟೆ ಒದ್ದೆ ಇದೆ. ಈ ಅಲೆ ನೀರು ದಾಟಲ್ಲ, ಅದರಲ್ಲೇ ಇಂಗಿಹೋಗುತ್ತೆ. ಬೇರೆ ಒಣ ಬಟ್ಟೆ ಕೊಡ್ಲಾ?"

ಬೆಳಗಿನಿಂದ ಕಣ್ಣೊರೆಸಿಕೊಂಡ ಕರ್ಚೀಫು ಅದು.

"ಬೇಡಮ್ಮ. ಇದೇ ಇರಲಿ."

ಅಳತೆಗೆ ಹಿಡಿಯುವಂತೆ ಎರಡೂ ತುದಿ ಎಳೆದು ಹಿಡಿದುಕೊಂಡ. ಯಂತ್ರದ ಫ್ಯಾನು ಬೆಚ್ಚಗಿನ ಗಾಳಿ ಊದುತ್ತಿತ್ತು. ಕರೆಯಲು ಬಂದ ಹೆಂಡತಿಯ ತಮ್ಮ ಬಾಗಿಲಲ್ಲೇ ನಿಂತುಬಿಟ್ಟ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಗೆರೆ ಕೂದಲೆಳೆಯಷ್ಟು ಮೇಲೆದ್ದಿತು. ಬಟ್ಟೆ ಒಣಗುತ್ತ ಬಂದಂತೆ, ಇನ್ನೂ ಒಂದಿಷ್ಟು.