ಗಾಳಿ ಬೇಡದ ಪೆಟ್ಟಿಗೆ

ಮುಖವೊಂದು ನೋಡುತ್ತಿದೆ, ಈ ಕರಿ ಹೊಳಪಿನ ಒಳಗಿಂದ, ಯಾರಪ್ಪ ಈ ಮುದುಕ ಎಂದುಕೊಂಡೆ, ನಾನೇ — ಕನ್ನಡಕ ಸರಿಮಾಡಿಕೊಂಡರೆ ಅವನೂ ಸರಿಮಾಡಿಕೊಂಡ — ವಾದ್ಯಕ್ಕೆ ಇಷ್ಟು ಹೊಳಪು ಯಾಕೆ ಬೇಕೋ, ನನ್ನವಳ ಹಾರ್ಮೋನಿಯಂ ಪೆಟ್ಟಿಗೆಗೆ ಹೊಳಪೇ ಇರಲಿಲ್ಲ, ಅಂಗೈ ತಗುಲಿ ತಗುಲಿ ಅದರ ಮರದ ಅಂಚು ಸವೆದ ಸಾಬೂನಿನಂತೆ ದುಂಡಗಾಗಿತ್ತು, ಸಂಜೆಯ ಪ್ರಾರ್ಥನೆಗೆ ಅವಳು ಅದರ ಮುಂದೆ ಕೂತರೆ ಮನೆಯ ಗೋಡೆಗಳೂ ಮಾತು ನಿಲ್ಲಿಸುತ್ತಿದ್ದವು — ಇಲ್ಲಿ ಈ ಅಂಗಡಿಯಲ್ಲಿ ಗೋಡೆಯುದ್ದಕ್ಕೂ ಕೀಬೋರ್ಡುಗಳು, ಒಂದರ ಪಕ್ಕ ಒಂದು, ಸುಮ್ಮನೆ ನಿಂತಿವೆ, ಮಗಳು ಮಾರಾಟದವನ ಹತ್ತಿರ ಏನೋ ವಿಚಾರಿಸುತ್ತಿದ್ದಾಳೆ, ಮೊಮ್ಮಗಳು ನನ್ನ ಕಿರುಬೆರಳು ಹಿಡಿದವಳು ಬಿಡುತ್ತಿಲ್ಲ. ಇದರಲ್ಲಿ ಎಷ್ಟು ಮನೆ ಇದೆ ಎಂದು ಕೇಳಿದೆ, ಮನೆಗೇ ತಂದ್ಕೊಡ್ತೀವಿ ಯಜಮಾನ್ರೆ, ಜೋಡಿಸಿಕೊಡೋದೂ ನಾವೇ, ಎಂದ, ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಅಲ್ಲ ಸಾರ್, ಈ ಕರೀದು ಬಿಳೀದು ಒತ್ತೋದಿದೆಯಲ್ಲ, ಅದಕ್ಕೆ ನಮ್ಮಮ್ಮ ಮನೆ ಅಂತಿದ್ಲು, ಅಪ್ಪಂಗೂ ಅದೇ ಬಾಯಿಗೆ ಬರೋದು, ಓ ಕೀನಾ, ಚಿಕ್ಕದ್ರಲ್ಲಿ ಅರವತ್ತೊಂದು, ಇದ್ರಲ್ಲಿ ಎಂಬತ್ತೆಂಟು — ಎಂಬತ್ತೆಂಟು ಮನೆ, ಒಂದು ಊರೇ ಆಯಿತಲ್ಲ, ಇಷ್ಟಕ್ಕೂ ಕಸ ಗುಡಿಸೋರು ಯಾರ್ರೀ ಅನ್ನುತ್ತಿದ್ದಳು ಅವಳು, ಅನ್ನುತ್ತಿದ್ದಳು, ಹೀಗೆ ಭೂತಕಾಲದಲ್ಲಿ ಅವಳ ಮಾತೆತ್ತಲು ನಾಲಿಗೆ ಇನ್ನೂ ಪಳಗಿಲ್ಲ.

ಎಡ ಭುಜ ಹಿಡಿದುಕೊಂಡ ಮೇಲೆ ತಿದಿ ಒತ್ತುವುದು ಅವಳಿಂದ ಆಗುತ್ತಿರಲಿಲ್ಲ, ಪೆಟ್ಟಿಗೆಯ ಹಿಂಬದಿಯ ಆ ಮಡಿಕೆ ಹಲಗೆಯನ್ನು ಒತ್ತಿ ಬಿಟ್ಟು ಒತ್ತಿ ಬಿಟ್ಟು ಗಾಳಿ ತುಂಬದಿದ್ದರೆ ಸ್ವರವೇ ಹೊರಡದು, ಆಗ ಈ ಮಗು ಬಂದು ಪಕ್ಕದಲ್ಲಿ ಕೂತಿತು, ಅಜ್ಜಿಯ ಬಲಗೈ ಮನೆಗಳ ಮೇಲೆ, ಇವಳ ಎಡಗೈ ತಿದಿಯ ಮೇಲೆ, ಇಬ್ಬರೂ ಸೇರಿ ಒಬ್ಬಳು, ವಾಯುಪುತ್ರಿ ಬಾರೇ ಎಂದು ಕರೆಯುತ್ತಿದ್ದಳು, ಹಾಗೆಲ್ಲ ಕರೀಬೇಡಮ್ಮ, ಡಾಕ್ಟರು ಗ್ಯಾಸಿಗೆ ಮಾತ್ರೆ ಬರ್ದುಕೊಡ್ತಾರೆ ಎಂದು ಮಗಳು ಅಡುಗೆಮನೆಯಿಂದಲೇ ಕೂಗುವಳು, ನಿಧಾನ ಕಣೇ, ನೀನು ಓಡಿದ್ರೆ ಈ ಮುದುಕಿ ಎಲ್ಲಿ ಓಡ್ಲಿ, ಇಬ್ಬರ ನಗುವಿಗೂ ಸ್ವರ ತೂಗಾಡುತ್ತಿತ್ತು, ಆಮೇಲೆ ಬಲಗೈ ಹೋಯಿತು, ಬಲಗೈಯವಳೇ ಹೋದಳು. ಮೊಮ್ಮಗಳಿಗೆ ಪೆಟ್ಟಿಗೆ ತೆರೆದು ಕೊಟ್ಟೆ, ಒಂದು ಸಲ ತಿದಿ ಒತ್ತಿ ನೋಡಿದಳು, ಮುಚ್ಚಿದಳು, ಎರಡು ಕೆಲಸ ಒಬ್ಬಳಿಗೇ ಆಗಲ್ಲ ತಾತ, ಎಂದಳು, ಅಷ್ಟೇ, ಅಂದಿನಿಂದ ಮನೆಯಲ್ಲಿ ಸ್ವರವಿಲ್ಲ, ಪ್ರಾರ್ಥನೆಗೆ ನಾನೊಬ್ಬನೇ, ಈ ಒರಟು ಗಂಟಲಲ್ಲಿ — ದೇವರೇ, ನಿನಗೂ ಸಾಕುಸಾಕಾಗಿರಬೇಕು — ಇವಳು ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ಳುತ್ತಾಳೆ, ಒಳಗೆ ಬರುವುದಿಲ್ಲ, ಗಾಳಿ ಬೇಡದ್ದೊಂದು ತಂದರೆ ನುಡಿಸಿಯಾಳೇನೋ ಎಂಬ ಆಸೆ ನಮ್ಮನ್ನು ಇಲ್ಲಿಗೆ ಎಳೆದು ತಂದಿದೆ, ಇದನ್ನೂ ಬೇಡ ಎಂದುಬಿಟ್ಟರೆ ಮುಂದೆ ನನಗೆ ದಾರಿ ತೋಚದು.

ಮಕ್ಕಳಿಗೆ ಇದೇ ಜಾಸ್ತಿ ಹೋಗೋದು ಎಂದು ಮಾರಾಟದವನು ಚಿಕ್ಕದರ ಮುಂದೆ ನಿಂತ, ಒಂದು ಗುಂಡಿಗೆ ಪಿಟೀಲು, ಇನ್ನೊಂದಕ್ಕೆ ಕೊಳಲು, ನಿಮ್ಮ ಹಾರ್ಮೋನಿಯಮ್ಮೂ ಇದೆ ನೋಡಿ — ಬಂತು, ಅದೇ ಸ್ವರ, ಅವಳದೇ, ಮೈ ಜುಮ್ಮೆಂದಿತು, ಅವನು ಬೆರಳೆತ್ತಲಿಲ್ಲ, ಸ್ವರವೂ ನಿಲ್ಲಲಿಲ್ಲ, ಏರದೆ, ಇಳಿಯದೆ, ದಣಿಯದೆ, ಬೆರಳಿಟ್ಟಷ್ಟು ಹೊತ್ತೂ ಇರತ್ತೆ, ಬೇಕಾದ್ರೆ ಊಟ ಮಾಡ್ಕೊಂಡು ಬನ್ನಿ, ಎಂದ, ಮೊಮ್ಮಗಳು ನನ್ನ ಹಿಂದೆ ಸರಿದಳು, ಯಾರೂ ಉಸಿರು ಕೊಡ್ತಿಲ್ವಲ್ಲ ತಾತ, ಎಂದಳು ಮೆಲ್ಲಗೆ, ಹೌದು, ಉಸಿರಿಲ್ಲದೆ ಹಾಡುತ್ತಿತ್ತು ಅದು, ನಿಲ್ಲಿಸಪ್ಪ ಎಂದೆ. ಹಾಗಾದ್ರೆ ಈ ಹೊಳೆಯೋದೇ ನೋಡಿ, ಪಿಯಾನೋ, ಇದರ ಮನೆಗೆ ತೂಕ ಇದೆ — ಎಷ್ಟು ಬೇಗ ಕಲಿತ ಆ ಮಾತನ್ನು — ಮೆಲ್ಲಗೆ ಒತ್ತಿದ್ರೆ ಮೆಲ್ಲಗೆ, ಜೋರಾಗಿ ಒತ್ತಿದ್ರೆ ಜೋರು, ಆದ್ರೆ ಮೊದಲೇ ಹೇಳ್ಬಿಡ್ತೀನಿ, ಸ್ವರ ನಿಲ್ಲಲ್ಲ, ಒತ್ತಿ ಹಿಡ್ಕೊಂಡ್ರೂ ಕರಗಿ ಹೋಗತ್ತೆ, ಅದರ ಗುಣವೇ ಅದು.

ಕಿರುಬೆರಳು ಖಾಲಿ. ಯಾವಾಗ ಬಿಟ್ಟಳೋ, ಸ್ಟೂಲಿನ ಮೇಲೆ ಕೂತಿದ್ದಾಳೆ, ಕಾಲು ನೆಲಕ್ಕೆ ಎಟುಕುತ್ತಿಲ್ಲ, ಬಲಗೈಯ ಒಂದು ಬೆರಳು ಬಿಳಿ ಮನೆಯ ಮೇಲೆ, ಒತ್ತಿದಳು — ದೇವರೇ, ಇದೆಂಥ ದನಿ, ಗಾಳಿಯಿಲ್ಲ, ಒಳಗೆ ತಂತಿಯೂ ಇಲ್ಲವಂತೆ, ಎಲ್ಲಿಂದ ಬಂತು, ನನ್ನ ಎದೆಯ ಮೂಳೆಗೆ ಬಂದು ತಗುಲಿತು, ಆಮೇಲೆ ಸಣ್ಣದಾಗತೊಡಗಿತು, ಬೆರಳು ಅಲ್ಲೇ ಇದೆ, ಸ್ವರ ಹೋಗುತ್ತಿದೆ, ಆಗ ಅವಳ ಎಡಗೈ ಎದ್ದಿತು, ಪಕ್ಕದ ಬರಿಯ ಬಯಲಲ್ಲಿ ಒತ್ತಿತು, ಬಿಟ್ಟಿತು, ಒತ್ತಿತು — ತಿದಿ, ಇಲ್ಲದ ತಿದಿಯನ್ನು ಮಗು ಒತ್ತುತ್ತಿದೆ — ಪುಟ್ಟೀ, ಇದಕ್ಕೆ ಗಾಳಿ ಹಾಕೋ ಹಾಗಿಲ್ಲಮ್ಮ ಎಂದು ಮಾರಾಟದವನು ನಗುತ್ತ ಬಂದ, ಸ್ವಲ್ಪ ಸುಮ್ನಿರಿ ಸಾರ್ ಎಂದಳು ಮಗಳು, ಮಗು ಮತ್ತೆ ಒತ್ತಿತು, ಮತ್ತೆ ಹೋಗುವ ಸ್ವರ, ಮತ್ತೆ ಎಡಗೈ, ಈ ಸಲ ನಿಧಾನ, ಸ್ವರ ಸಣ್ಣದಾದಷ್ಟೂ ಕೈಯೂ ಸಣ್ಣಗೆ, ಬಂದವರನ್ನು ಬಾಗಿಲವರೆಗೆ ಕಳಿಸಿ ಬರುವ ಹಾಗೆ, ಅಂದು ಆಸ್ಪತ್ರೆಯ ಮಂಚದ ಪಕ್ಕ ನಾನು ಕೂತಿದ್ದೇನೆ, ನನ್ನವಳ ಹೊದಿಕೆ ಏರುತ್ತದೆ ಇಳಿಯುತ್ತದೆ, ಹೋಗಬೇಡ ಹೋಗಬೇಡ ಎಂದು ಒಳಗೊಳಗೇ ಎಷ್ಟು ತಿದಿ ಒತ್ತಿದೆ ನಾನು, ಹೀಗೆ ಕಳಿಸಿಕೊಡಲು ಬರಲಿಲ್ಲ, ಈ ಮಗುವಿಗೆ ಯಾರು ಕಲಿಸಿದರು — ಇನ್ನೂ ಇದೆ ತಾತ, ಕೇಳಿಸ್ತಾ, ಇನ್ನೂ ಇದೆ, ಎನ್ನುತ್ತಾಳೆ, ನನ್ನ ಕಿವಿಗೆ ಆಗಲೇ ಮುಗಿದಿದೆ, ಅವಳಿಗೆ ಇದೆ, ಅದು ಹೋಗುವ ಕಡೆಗೇ ಮುಖ ಮಾಡಿ ಕೂತಿದ್ದಾಳೆ, ಇದೇ ಇರಲಿ ಎಂದೆ, ಯಾರಿಗೆ ಹೇಳಿದೆನೋ, ಇದೇ, ಆ ಎಡಗೈ, ಏನೂ ಇಲ್ಲದ ಜಾಗದಲ್ಲಿ, ಒತ್ತದೆ, ಬಿಡದೆ, ತೆರೆದುಕೊಂಡು, ಆ ಎಡಗೈ